10 ಮಿಲಿಲೀಟರ್ ರಕ್ತ, ಬೆಳೆಯುತ್ತಲೇ ಇರುವ ಕೋಶಗಳು

ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರಲು ಕೂತಾಗ ಪೆನ್ನು ಮೊದಲು ನಿಲ್ಲುವುದು 'ಇಮ್ಮಾರ್ಟಲ್ ಸೆಲ್ ಲೈನ್' ಎಂಬಲ್ಲಿ. ಪದಕ್ಕೆ ಪದ ಇಟ್ಟರೆ 'ಅಮರ ಕೋಶ' ಆಗುತ್ತದೆ. ಓದಿದವರಿಗೆ ಅಮರಸಿಂಹನ ನಿಘಂಟು ನೆನಪಾಗುತ್ತದೆ, ಉಳಿದವರಿಗೆ ತಮ್ಮ ಮೈಯಿಂದ ಸಾವಿಲ್ಲದ ಏನನ್ನೋ ತೆಗೆಯುತ್ತಾರೆ ಎಂಬ ಅಂಜಿಕೆ. ಇನ್ನು 'ಸ್ಟೆಮ್ ಸೆಲ್'. ಅದನ್ನು 'ಕಾಂಡಕೋಶ' ಎಂದರೆ ಮನಸ್ಸು ಮರದ ಕಾಂಡದ ಕಡೆ ಹೋಗುತ್ತದೆ. 'ಆಕರಕೋಶ' ವಿಜ್ಞಾನದ ಅಂಕಣ ಓದುವವರಿಗಷ್ಟೇ ಗೊತ್ತು. ಹಾಗಾಗಿ ನಾವು ಬರೆಯುವುದು ಹೀಗೆ: 'ನಿಮ್ಮ ರಕ್ತದಿಂದ ಸ್ಟೆಮ್ ಸೆಲ್ ಎಂಬ ಬಗೆಯ ಕೋಶಗಳನ್ನು ತಯಾರಿಸುತ್ತೇವೆ. ಅವು ಲ್ಯಾಬಿನಲ್ಲಿ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತವೆ. ನೀವು ಇಲ್ಲದ ಕಾಲದಲ್ಲೂ ಅವು ಇರಬಹುದು.' ಆ ಕೊನೆಯ ಸಾಲು ಕಠೋರವಾಯಿತು, ಮೆತ್ತಗೆ ಮಾಡಿ ಎಂದು ನೈತಿಕ ಸಮಿತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಆ ಸಾಲನ್ನು ಬಿಟ್ಟುಕೊಡಬಾರದು.

ಇಲ್ಲಿ ಹೇಳಹೊರಟಿರುವುದು ಒಬ್ಬ ರೋಗಿಯ ರಕ್ತದ ಟ್ಯೂಬಿನಿಂದ ಐಪಿಎಸ್ ಕೋಶಗಳ, ಅಂದರೆ ಬೆಳೆದ ಕೋಶವನ್ನು ಹಿಂದಕ್ಕೆ ತಿರುಗಿಸಿ ಮಾಡಿದ, ದೇಹದ ಯಾವ ಬಗೆಯ ಕೋಶವಾದರೂ ಆಗಬಲ್ಲ ಸ್ಟೆಮ್ ಸೆಲ್‌ಗಳ, ಒಂದು ಸಂತತಿಯನ್ನು (ಸೆಲ್ ಲೈನನ್ನು) ಎಬ್ಬಿಸುವ ಕೆಲಸದ ಬಗ್ಗೆ. ರಕ್ತ ಬಂದ ದಿನದಿಂದ ಪರೀಕ್ಷೆಗಳೆಲ್ಲ ಮುಗಿದು ದ್ರವ ಸಾರಜನಕದಲ್ಲಿ ಭದ್ರವಾಗುವ ದಿನದವರೆಗೆ, ಎಲ್ಲ ಸರಿಹೋದರೆ, ನಾಲ್ಕರಿಂದ ಆರು ತಿಂಗಳು. ಎಲ್ಲವೂ ಸರಿಹೋಗುವುದು ಅಪರೂಪ.

ಮೂಲ ಉಪಾಯ ಜಪಾನಿನದು. ಕ್ಯೋಟೋದ ಶಿನ್ಯಾ ಯಮನಾಕಾ ಮತ್ತು ಕಝುತೋಶಿ ತಕಾಹಾಶಿ 24 ಜೀನ್‌ಗಳ ಪಟ್ಟಿ ಹಿಡಿದು ಹೊರಟು, ನಾಲ್ಕೇ ನಾಲ್ಕು ಸಾಕು ಎಂದು 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಚರ್ಮದ ಕೋಶದಲ್ಲಿ ತೋರಿಸಿದರು: ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ಈ ನಾಲ್ಕನ್ನು ಕೆಲವು ದಿನ ಜೋರಾಗಿ ಚಾಲೂ ಇಟ್ಟರೆ ಬೆಳೆದು ನಿಂತ ಕೋಶ ತನ್ನ ಕಸುಬನ್ನು ಮರೆತು ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಮರಳುತ್ತದೆ. ಸ್ಟೆಮ್ ಸೆಲ್‌ಗಾಗಿ ಭ್ರೂಣವನ್ನು ಒಡೆಯುವ ಅಗತ್ಯ ಬೀಳದ ಕಾರಣ ನೈತಿಕ ತಕರಾರು ಮುಗಿಯಿತು ಎಂದು ಆಗ ಬಹಳ ಮಂದಿ ಬರೆದರು. ಕೆಲಸಕ್ಕೆ ಇಳಿದವರಿಗೆ ಗೊತ್ತು, ತಕರಾರು ಮುಗಿಯಲಿಲ್ಲ, ಕೊಠಡಿ ಬದಲಿಸಿತು ಅಷ್ಟೆ. ಭ್ರೂಣಕ್ಕೆ ಹೆಸರು, ಊರು, ಆಧಾರ್ ಸಂಖ್ಯೆ ಇರಲಿಲ್ಲ. ರಕ್ತ ಕೊಟ್ಟವರಿಗೆ ಅವೆಲ್ಲ ಇವೆ, ಮತ್ತು ಅವರ ಇಡೀ ಜೀನೋಮ್ ನಮ್ಮ ಡಬ್ಬಿಯಲ್ಲಿ ಕೂತಿರುತ್ತದೆ.

ಟ್ಯೂಬು ಲ್ಯಾಬಿನ ಬಾಗಿಲಿಗೆ ಬರುವ ಮೊದಲು ಮೂರು ಸಮಿತಿಗಳ ಸಹಿ ಬೇಕು. ಸಂಸ್ಥೆಯ ನೈತಿಕ ಸಮಿತಿ, ಸ್ಟೆಮ್ ಸೆಲ್ ಸಂಶೋಧನೆಗೆಂದೇ ಇರುವ ಪ್ರತ್ಯೇಕ ಸಮಿತಿ, ಮತ್ತು ವೈರಸ್ ಬಳಸುವುದರಿಂದ ಜೈವಿಕ ಸುರಕ್ಷತಾ ಸಮಿತಿ. ಎರಡನೆಯದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ತಂದ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಕಡ್ಡಾಯ. ಆ ಮಾರ್ಗಸೂಚಿಯ ಹೆಸರಿನಲ್ಲೇ ಒಂದು ಚರಿತ್ರೆ ಇದೆ. 2007ರಲ್ಲಿ ಹೊರಟಾಗ ಅದು 'ಸಂಶೋಧನೆ ಮತ್ತು ಚಿಕಿತ್ಸೆ'ಯ ಮಾರ್ಗಸೂಚಿ, 2013ರಲ್ಲಿ 'ಚಿಕಿತ್ಸೆ' ಎಂಬ ಪದವನ್ನು ಕೈಬಿಟ್ಟರು. ಇನ್ನೂ ಸಂಶೋಧನೆಯಲ್ಲೇ ಇರುವುದನ್ನು ಚಿಕಿತ್ಸೆ ಎಂದು ಕರೆದರೆ ಏನಾಗುತ್ತದೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಕಂಡಿತ್ತು.

ಅರ್ಜಿ ವಾಪಸ್ ಬರುವುದಕ್ಕೆ ವಿಜ್ಞಾನ ಕಾರಣವಾಗುವುದು ಕಡಿಮೆ. ಹೆಚ್ಚಾಗಿ ಒಪ್ಪಿಗೆ ಪತ್ರವೇ ಕಾರಣ. ಕನ್ನಡ ಪ್ರತಿಯನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು, ಆಗ ತಪ್ಪುಗಳು ಎದ್ದು ಬರುತ್ತವೆ. 'ಅಧ್ಯಯನ' ಎಂದು ಬರೆದದ್ದು ಓದುವವರ ತಲೆಯಲ್ಲಿ 'ತಪಾಸಣೆ' ಆಗಿರುತ್ತದೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ವೈದ್ಯರ ಪಕ್ಕದಲ್ಲೇ ಕೂತು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅದಕ್ಕೇ ಒಪ್ಪಿಗೆ ಕೇಳುವವರು ಚಿಕಿತ್ಸೆ ಕೊಡುವ ವೈದ್ಯರಾಗಿರಬಾರದು, ಪತ್ರ ಮನೆಗೆ ಹೋಗಿ ಬರಬೇಕು ಎಂಬುದು ನಮ್ಮ ರೂಢಿ. ಪ್ರಶ್ನೆಗಳು ಬಹುತೇಕ ಅವೇ ಇರುತ್ತವೆ. ಎಷ್ಟು ರಕ್ತ? ನೋವಾಗುತ್ತಾ? ಇದರಿಂದ ನಮ್ಮ ಹುಡುಗನಿಗೆ ಗುಣವಾಗುತ್ತಾ? ಮೂರನೆಯದಕ್ಕೆ 'ಇಲ್ಲ' ಎಂಬ ಎರಡಕ್ಷರವನ್ನು ಬೇರೆ ಯಾವ ಪದವನ್ನೂ ಜೋಡಿಸದೆ ಹೇಳಬೇಕು. 'ಮುಂದೆ ಯಾವತ್ತಾದರೂ' ಎಂದು ಬಾಲ ಸೇರಿಸಿದಿರೋ, ಮನೆಗೆ ಹೋಗುವುದು ಆ ಬಾಲ ಮಾತ್ರ.

ಪತ್ರದ ಕೊನೆಯಲ್ಲಿ ಗುರುತು ಹಾಕುವ ಚೌಕಗಳಿರುತ್ತವೆ. ಬೇರೆ ಲ್ಯಾಬಿಗೆ ಕೊಡಬಹುದೇ? ವಿದೇಶಕ್ಕೆ? ಔಷಧ ಕಂಪನಿಗೆ? ಜೀನೋಮ್ ಓದಬಹುದೇ, ಓದುವಾಗ ಸಂಬಂಧವಿಲ್ಲದ ಬೇರೆ ಕಾಯಿಲೆಯ ಸುಳಿವು ಸಿಕ್ಕರೆ ಹೇಳಬೇಕೇ, ಬೇಡವೇ? ಪ್ರಾಣಿಯ ದೇಹಕ್ಕೆ ಹಾಕಬಹುದೇ? ಈ ಕೋಶಗಳಿಂದ ಅಂಡಾಣು, ವೀರ್ಯಾಣು ಅಥವಾ ಭ್ರೂಣದಂಥ ರಚನೆ ಮಾಡುವ ಪ್ರಯತ್ನಕ್ಕೆ ಬಳಸಬಹುದೇ? ಕೊನೆಯದು ಕಟ್ಟುಕತೆ ಅನಿಸಬಹುದು. ಇಲಿಯಲ್ಲಿ ಐಪಿಎಸ್ ಕೋಶದಿಂದ ಅಂಡಾಣು ಮಾಡಿ ಮರಿ ಹುಟ್ಟಿಸಿದ್ದು ಜಪಾನಿನಲ್ಲಿ ಆಗಿಹೋಗಿದೆ. ಮನುಷ್ಯರ ಸ್ಟೆಮ್ ಸೆಲ್‌ಗಳಿಂದ ಐದಾರು ದಿನದ ಭ್ರೂಣವನ್ನು ಹೋಲುವ ಗೋಲಿಗಳನ್ನು 2021ರಲ್ಲಿ ಮಾಡಿ ತೋರಿಸಿದರು. ಹತ್ತು ವರ್ಷದ ನಂತರ ಡಬ್ಬಿ ತೆರೆದು ಏನು ಮಾಡುತ್ತಾರೆ ಎಂದು ಇವತ್ತು ಯಾರಿಗೂ ಗೊತ್ತಿಲ್ಲದ ಕಾರಣ ಚೌಕಗಳನ್ನು ಇವತ್ತೇ ಹಾಕಿಡಬೇಕು.

ಆಮೇಲೆ ರಕ್ತ. 8ರಿಂದ 10 ಮಿಲಿಲೀಟರ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬಿನಲ್ಲಿ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಮಾದರಿ ಪ್ರತ್ಯೇಕ ಇನ್‌ಕ್ಯುಬೇಟರಿನಲ್ಲೇ ಇರಬೇಕು. ಟ್ಯೂಬಿನ ಮೇಲೆ ಹೆಸರು ಇರಕೂಡದು, ಸಂಕೇತ ಸಂಖ್ಯೆ ಮಾತ್ರ. ಸಂಖ್ಯೆಯನ್ನು ಹೆಸರಿಗೆ ಜೋಡಿಸುವ ಪುಸ್ತಕ ಲ್ಯಾಬಿನ ಹೊರಗೆ, ಆಸ್ಪತ್ರೆಯ ಬೀರುವಿನಲ್ಲಿ.

ಬಿಳಿ ಕೋಶಗಳನ್ನು ಬೇರ್ಪಡಿಸಲು ಫೈಕಾಲ್ ಎಂಬ, 1.077 ಸಾಂದ್ರತೆಯ ಸಕ್ಕರೆ ಪಾಕದಂಥ ದ್ರವ. ರಕ್ತಕ್ಕೆ ಅಷ್ಟೇ ಪ್ರಮಾಣದ ಪಿಬಿಎಸ್ ಎಂಬ ಉಪ್ಪುನೀರು ಬೆರೆಸಿ, ಟ್ಯೂಬನ್ನು ಓರೆ ಹಿಡಿದು, ಫೈಕಾಲ್ ಮೇಲೆ ಕೆನೆ ಹಾಸಿದ ಹಾಗೆ ಬಿಡಬೇಕು. ಎರಡೂ ಕೊಠಡಿಯ ತಾಪಕ್ಕೆ ಬಂದಿರಬೇಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಫೈಕಾಲ್‌ನ ಸಾಂದ್ರತೆ ಬೇರೆ, ಕೆಂಪು ಕೋಶ ಕೆಳಗಿಳಿಯದೆ ನಡುವೆ ಮೂಡುವ ಬಿಳಿ ಕೋಶಗಳ ಉಂಗುರದಲ್ಲೇ ಸಿಕ್ಕಿಕೊಳ್ಳುತ್ತವೆ. 400 ಜಿ ವೇಗದಲ್ಲಿ 30 ನಿಮಿಷ ತಿರುಗಿಸಿ, ಬ್ರೇಕ್ ಆಫ್ ಮಾಡಿ. ಹೊಸಬರು ಮೊದಲ ಸಲ ಮರೆಯುವುದು ಇದನ್ನೇ. ಸೆಂಟ್ರಿಫ್ಯೂಜ್ ಗಕ್ಕನೆ ನಿಂತರೆ ಪದರಗಳೆಲ್ಲ ಕದಡಿ, ಅರ್ಧ ಗಂಟೆಯ ಕೆಲಸದ ಜೊತೆಗೆ ಮತ್ತೊಮ್ಮೆ ಚುಚ್ಚಿಸಿಕೊಳ್ಳಿ ಎಂದು ಯಾರಿಗೂ ಹೇಳಲಾಗದ ಮಾದರಿ ಹೋಗುತ್ತದೆ. ಎಲ್ಲ ಸರಿಯಾದರೆ ನಡುವೆ ಮಜ್ಜಿಗೆ ತಿಳಿಯಂಥ ಮಸುಕು ಉಂಗುರ ಕಾಣುತ್ತದೆ. ಆರೋಗ್ಯವಂತರ ರಕ್ತವಾದರೆ ಪ್ರತಿ ಮಿಲಿಲೀಟರಿಗೆ ಸುಮಾರು 10ರಿಂದ 20 ಲಕ್ಷ ಕೋಶ. ಅರ್ಧವನ್ನು ಕೂಡಲೇ, ಹೆಪ್ಪುಗಟ್ಟುವಾಗ ಕೋಶ ಕೆಡದಂತೆ ಕಾಯುವ ಡಿಎಂಎಸ್‌ಓ ಶೇ 10 ಬೆರೆಸಿ ಹೆಪ್ಪುಗಟ್ಟಿಸಿ ಇಡುತ್ತೇವೆ, ನಿಮಿಷಕ್ಕೆ 1 ಡಿಗ್ರಿಯಂತೆ ತಾಪ ಇಳಿಸುತ್ತ. ಎರಡನೇ ಅವಕಾಶ ಬೇಕಾಗುತ್ತದೆ, ಖಂಡಿತ.

ಈ ಮಿಶ್ರಣದಲ್ಲಿ ಸೋಂಕಿನೊಡನೆ ಹೋರಾಡುವ ಟಿ-ಕೋಶಗಳೇ ಹೆಚ್ಚು. ಅವುಗಳ ಡಿಎನ್‌ಎ ಒಂದು ಜಾಗದಲ್ಲಿ ಈಗಾಗಲೇ ಕತ್ತರಿಸಿ ಜೋಡಣೆಯಾಗಿರುವುದರಿಂದ ಅವುಗಳಿಂದ ಹುಟ್ಟಿದ ಐಪಿಎಸ್ ಕೋಶವೂ ಆ ಕತ್ತರಿ ಗುರುತನ್ನು ಹೊತ್ತೇ ಇರುತ್ತದೆ. ಅದಕ್ಕೆ ಎಸ್‌ಸಿಎಫ್, ಐಎಲ್-3, ಎರಿಥ್ರೋಪೊಯೆಟಿನ್, ಡೆಕ್ಸಾಮೆಥಸೋನ್ ಇರುವ ಮಾಧ್ಯಮದಲ್ಲಿ, ಅಂದರೆ ಕೋಶಗಳ ಪೋಷಕ ದ್ರವದಲ್ಲಿ, ಒಂಬತ್ತು ದಿನ ಬೆಳೆಸುತ್ತೇವೆ. ಟಿ-ಕೋಶಗಳು ಸೊರಗಿ, ಕೆಂಪು ರಕ್ತಕಣಗಳ ಪೂರ್ವಜರಾದ ಎರಿಥ್ರೋಬ್ಲಾಸ್ಟುಗಳು ಹೆಚ್ಚುತ್ತವೆ. ಮೊದಲ ಮೂರು ನಾಲ್ಕು ದಿನ ಕೋಶಗಳ ಸಂಖ್ಯೆ ಇಳಿಯುತ್ತದೆ. ಗಾಬರಿಬಿದ್ದು ಡಬ್ಬಿಯನ್ನು ಎಸೆಯಬೇಡಿ. ಆರನೇ ದಿನದ ಹೊತ್ತಿಗೆ ದೊಡ್ಡ, ದುಂಡನೆಯ, ಹೊಳೆಯುವ ಕೋಶಗಳು ಕಾಣಬೇಕು.

ನಾಲ್ಕು ಜೀನ್‌ಗಳನ್ನು ಒಳಗೆ ಸಾಗಿಸಲು ನಾವು ಬಳಸುವುದು ಸೆಂಡಾಯ್ ವೈರಸ್. ಯಮನಾಕಾ ಬಳಸಿದ ರೆಟ್ರೋವೈರಸ್ ಕೋಶದ ವರ್ಣತಂತುವಿನೊಳಗೇ ಹೊಕ್ಕು ಕೂರುತ್ತಿತ್ತು. ಸಿ-ಮಿಕ್ ಕ್ಯಾನ್ಸರಿಗೂ ಸಂಬಂಧಪಟ್ಟ ಜೀನ್. ಆ ಬಗೆಯ ಕೋಶಗಳಿಂದ ಹುಟ್ಟಿಸಿದ ಇಲಿಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಗಡ್ಡೆ ಬಂದದ್ದನ್ನು ಅವರ ಗುಂಪೇ ವರದಿ ಮಾಡಿತ್ತು. ಸೆಂಡಾಯ್ ಆರ್‌ಎನ್‌ಎ ವೈರಸ್, ಕೋಶಕೇಂದ್ರಕ್ಕೆ ಕಾಲಿಡುವುದಿಲ್ಲ. ಕೋಶ ಒಂದು ಎರಡಾಗುತ್ತ ಹೋದಂತೆ ತೆಳುವಾಗಿ ಹತ್ತು ಹನ್ನೆರಡು ಪ್ಯಾಸೇಜಿನಲ್ಲಿ (ಹೊಸ ತಟ್ಟೆಗೆ ಹಂಚುವ ಸುತ್ತಿನಲ್ಲಿ) ಮಾಯವಾಗುತ್ತದೆ. ಮೂರು ಪುಟ್ಟ ಟ್ಯೂಬುಗಳಲ್ಲಿ ಬರುವ ಅದನ್ನು ಕೋಶವೊಂದಕ್ಕೆ 5, 5, 3 ವೈರಸ್ ಕಣಗಳ ಲೆಕ್ಕದಲ್ಲಿ ಹಾಕಬೇಕು. ಎಷ್ಟು ಮೈಕ್ರೋಲೀಟರ್ ಎಂಬುದು ಆಯಾ ಬ್ಯಾಚಿನ ಪ್ರಮಾಣಪತ್ರ ನೋಡಿ ಲೆಕ್ಕ ಹಾಕುವಂಥದ್ದು, ಹಿಂದಿನ ಸಲದ ಅಂಕಿಯನ್ನು ನಕಲು ಮಾಡುವಂತಿಲ್ಲ. ಕರಗಿಸಿದ ವೈರಸ್ಸನ್ನು ಮತ್ತೆ ಹೆಪ್ಪುಗಟ್ಟಿಸಿದರೆ ಬಲ ಕುಂದುತ್ತದೆ. ಹಾಗಾಗಿ ಮೂರು ರೋಗಿಗಳ ಕೋಶಗಳು ಒಂದೇ ದಿನ ತಯಾರಾಗುವಂತೆ ಹೊಂದಿಸಿಕೊಂಡು ಒಂದು ಕಿಟ್ ತೆರೆಯುವುದು ಜಾಣತನ. ಒಣ ಮಂಜುಗಡ್ಡೆಯಲ್ಲಿ ವಿಮಾನದಲ್ಲಿ ಬರುವ ಈ ಪೆಟ್ಟಿಗೆ ಶುಕ್ರವಾರ ಇಳಿದರೆ ಸೋಮವಾರದವರೆಗೆ ಕಸ್ಟಮ್ಸ್‌ನಲ್ಲಿ ಕೂರುವ ಅಪಾಯವಿದೆ. ಆರ್ಡರ್ ಹಾಕುವಾಗಲೇ 'ವಾರದ ಮೊದಲ ಅರ್ಧದಲ್ಲಿ ತಲುಪಬೇಕು' ಎಂದು ಬರೆಸಿ, ಪೆಟ್ಟಿಗೆ ತೆರೆದ ಕೂಡಲೇ ಮಂಜುಗಡ್ಡೆ ಎಷ್ಟು ಉಳಿದಿದೆ ಎಂದು ಫೋಟೋ ತೆಗೆಯಿರಿ.

ವೈರಸ್ ಹಾಕಿದ ಮರುದಿನ ಅರ್ಧಕ್ಕರ್ಧ ಕೋಶಗಳು ಸತ್ತಿರುತ್ತವೆ. ಅದು ಲಕ್ಷಣ, ರೋಗವಲ್ಲ. ಏನೂ ಸಾಯದಿದ್ದರೆ ವೈರಸ್ ಹೊಕ್ಕಿಲ್ಲ ಎಂದೇ ಅರ್ಥ. ಮೂರನೇ ದಿನ ಮೇಟ್ರಿಜೆಲ್ ಲೇಪಿಸಿದ ತಟ್ಟೆಗೆ ವರ್ಗಾವಣೆ.

ಮೇಟ್ರಿಜೆಲ್ ಬಗ್ಗೆ ಎರಡು ಮಾತು. ಇದು ಇಲಿಯ ಒಂದು ಗಡ್ಡೆಯಿಂದ ತೆಗೆದ ಪ್ರೋಟೀನುಗಳ ರಸ. 4 ಡಿಗ್ರಿಯಲ್ಲಿ ನೀರು, 10 ಡಿಗ್ರಿ ದಾಟಿದರೆ ಹೆಪ್ಪು. ರಾತ್ರಿಯಿಡೀ ಫ್ರಿಜ್ಜಿನೊಳಗೆ ಐಸಿನ ಮೇಲಿಟ್ಟೇ ಕರಗಿಸಬೇಕು, ಪಿಪೆಟ್ ತುದಿಗಳನ್ನೂ ಟ್ಯೂಬುಗಳನ್ನೂ ಫ್ರೀಜರಿನಲ್ಲಿ ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಅವಸರದಲ್ಲಿ ಅಂಗೈಯಲ್ಲಿ ಹಿಡಿದು ಕರಗಿಸಿದವರ ತಟ್ಟೆಯಲ್ಲಿ ಸಾಬುದಾನಿಯಂಥ ಗಂಟು ಗಂಟು ಕಾಣುತ್ತದೆ, ಕೋಶಗಳು ಆ ಗಂಟಿನ ಮೇಲಷ್ಟೇ ಹಿಡಿಯುತ್ತವೆ. ಪ್ರೋಟೀನಿನ ಪ್ರಮಾಣ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುವುದರಿಂದ ಮಿಲಿಲೀಟರ್ ಲೆಕ್ಕ ಬಿಟ್ಟು ಮಿಲಿಗ್ರಾಂ ಲೆಕ್ಕದಲ್ಲಿ ಹಂಚಿಡಬೇಕು. ಇಲಿಯ ವಸ್ತು ತಾಗಿದ ಕೋಶ ಮುಂದೆ ಮನುಷ್ಯರ ದೇಹಕ್ಕೆ ಹೋಗುವುದು ಕಷ್ಟ. ಆ ಉದ್ದೇಶವಿದ್ದರೆ ಮೊದಲ ದಿನದಿಂದಲೇ ಲ್ಯಾಮಿನಿನ್ ಅಥವಾ ವಿಟ್ರೊನೆಕ್ಟಿನ್ ಎಂಬ ಪ್ರೋಟೀನ್ ಬಳಸಬೇಕು. ದುಬಾರಿ, ಆದರೆ ಆಮೇಲೆ ತಿದ್ದಿಕೊಳ್ಳಲು ಬರುವುದಿಲ್ಲ.

ಏಳನೇ ದಿನದ ಹೊತ್ತಿಗೆ ಮಾಧ್ಯಮವನ್ನು ಹಂತಹಂತವಾಗಿ ಇ8ಕ್ಕೆ ಬದಲಿಸುತ್ತೇವೆ. ಎಂಟೇ ಪದಾರ್ಥ ಇರುವ ಕಾರಣಕ್ಕೆ ಆ ಹೆಸರು. ಅಮೆರಿಕದ ಮ್ಯಾಡಿಸನ್ ನಗರದ ಜೇಮ್ಸ್ ಥಾಮ್ಸನ್ ಲ್ಯಾಬಿನ ಕೊಡುಗೆ ಅದು, 1998ರಲ್ಲಿ ಮಾನವ ಭ್ರೂಣದ ಸ್ಟೆಮ್ ಸೆಲ್‌ಗಳನ್ನು ಮೊದಲು ಬೆಳೆಸಿದವರೂ ಅವರೇ. ಎಂಟರಲ್ಲಿ ನಾಜೂಕಿನದು ಎಫ್‌ಜಿಎಫ್2 ಎಂಬ, ಬೆಳವಣಿಗೆಗೆ ಬೇಕಾದ ಪ್ರೋಟೀನು, 37 ಡಿಗ್ರಿಯಲ್ಲಿ ಒಂದು ದಿನವೂ ನೆಟ್ಟಗೆ ಬಾಳುವುದಿಲ್ಲ. ಬಾಟಲಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಡುವ ಹಳೆಯ ಅಭ್ಯಾಸ ಇಲ್ಲಿ ಸಲ್ಲದು. ಬೇಕಾದಷ್ಟನ್ನೇ ಬೇರೆ ಟ್ಯೂಬಿಗೆ ಬಗ್ಗಿಸಿ ಮೇಜಿನ ಮೇಲೆ ಅರ್ಧ ಗಂಟೆ ಬಿಟ್ಟರೆ ಸಾಕು. ಮತ್ತು ಪ್ರತಿದಿನ ಮಾಧ್ಯಮ ಬದಲಿಸಲೇಬೇಕು. ಯುಗಾದಿ, ಗೌರಿಹಬ್ಬ, ಬಂದ್, ಚುನಾವಣೆ, ಯಾವುದಕ್ಕೂ ವಿನಾಯಿತಿ ಇಲ್ಲ. ತಾಪ ತಡೆಯುವ ಎಫ್‌ಜಿಎಫ್2 ಇರುವ ಮಾಧ್ಯಮಗಳು ಈಗ ಸಿಗುತ್ತವೆ, ಭಾನುವಾರ ಬಿಡುವು ಬೇಕಾದವರು ಅದಕ್ಕೆ ದುಡ್ಡು ತೆರುತ್ತಾರೆ.

ಬೆಂಗಳೂರಿನಂಥ ಊರಿನಲ್ಲಿ ಕೆಲಸ ಮಾಡುವವರಿಗೆ ಒಂದು ಸಣ್ಣ ಸಂಗತಿ. ನಗರ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತಿರ ಹತ್ತಿರ ಶೇ 10ರಷ್ಟು ಕಡಿಮೆ. ಇನ್‌ಕ್ಯುಬೇಟರ್ ಶೇ 5 ಇಂಗಾಲದ ಡೈಆಕ್ಸೈಡ್ ತೋರಿಸಿದರೂ ಮಾಧ್ಯಮದಲ್ಲಿ ಕರಗುವುದು ಅಷ್ಟೇ ಪಾಲು ಕಡಿಮೆ, ಪಿಎಚ್ ಸುಮಾರು 0.05ರಷ್ಟು ಮೇಲಿರುತ್ತದೆ. ಕೋಶಗಳು ಇದಕ್ಕೆ ಸಾಯುವುದಿಲ್ಲ. ಆದರೆ ಪಿಎಚ್ ಏರಿದರೆ ಗುಲಾಬಿಗೆ ತಿರುಗುವ ಮಾಧ್ಯಮ ಯಾಕೆ ಸದಾ ತುಸು ಗುಲಾಬಿ ಎಂದು ತಲೆಕೆಡಿಸಿಕೊಂಡು ಹೊಸ ಬಾಟಲಿ ತರಿಸುವ ಮೊದಲು ಈ ಲೆಕ್ಕ ನೆನಪಿರಲಿ. ಮಳೆಗಾಲದ ಬೂಷ್ಟು ಇದಕ್ಕಿಂತ ದೊಡ್ಡ ತಲೆನೋವು. ರಟ್ಟಿನ ಪೆಟ್ಟಿಗೆಗಳನ್ನು ಕಲ್ಚರ್ ಕೊಠಡಿಯ ಒಳಗೆ ಬಿಡಬೇಡಿ.

12ರಿಂದ 21ನೇ ದಿನದ ನಡುವೆ ಐಪಿಎಸ್ ಕೋಶಗಳ ಗುಂಪುಗಳು ಏಳುತ್ತವೆ. ಒಂದು ಲಕ್ಷ ಕೋಶಕ್ಕೆ ಹತ್ತರಿಂದ ನೂರು ಸಿಕ್ಕರೆ ಒಳ್ಳೆಯ ಫಸಲು. ನೋಡುತ್ತ ನೋಡುತ್ತ ಕಣ್ಣು ಪಳಗುತ್ತದೆ: ಚಪ್ಪಟೆಯಾದ ಹರವು, ಹೊಳೆಯುವ ಚೂಪಾದ ಅಂಚು, ಒತ್ತೊತ್ತಾಗಿ ಕೂತ ಕೋಶಗಳು, ಕೋಶದ ತುಂಬ ಕೇಂದ್ರ, ಕೇಂದ್ರದೊಳಗೆ ಎದ್ದು ಕಾಣುವ ಚುಕ್ಕಿಗಳು. ಗುಡ್ಡೆಯಂತೆ ಉಬ್ಬಿದವು, ಅಂಚು ಹರಿದವು ಅರ್ಧ ದಾರಿಯಲ್ಲಿ ನಿಂತವು. ಹುಡ್ (ಸೋಸಿದ ಗಾಳಿ ಬೀಸುವ ಕೆಲಸದ ಗೂಡು) ಒಳಗೆ ಸ್ಟೀರಿಯೋ ಮೈಕ್ರೋಸ್ಕೋಪ್ ಇಟ್ಟು, 25 ಗೇಜಿನ ಸೂಜಿಯಿಂದ ಮೈಸೂರ್‌ಪಾಕ್ ಕೊಯ್ದ ಹಾಗೆ ಅಡ್ಡ ಉದ್ದ ಗೆರೆ ಎಳೆದು, ತುಂಡುಗಳನ್ನು ಪಿಪೆಟ್ಟಿನಿಂದ ಹೀರಿ ತಟ್ಟೆಯ ಹೊಸ ಗುಳಿಗೆ ಬಿಡುವುದು. 24 ಆರಿಸಿದರೆ 12 ಬದುಕುತ್ತವೆ, ಕಡೆಗೆ ಇಟ್ಟುಕೊಳ್ಳುವುದು 3.

ಇಲ್ಲಿಂದ ಮುಂದೆ ನಾಲ್ಕೈದು ದಿನಕ್ಕೊಮ್ಮೆ, ತಟ್ಟೆಯ ಶೇ 70 ತುಂಬಿದಾಗ, ಗುಂಪುಗಳನ್ನು ಒಡೆದು ಹೊಸ ತಟ್ಟೆಗಳಿಗೆ ಹಂಚಬೇಕು. ಪ್ಯಾಸೇಜ್ ಎಂದರೆ ಇದೇ. ಕೋಶಗಳ ಹಿಡಿತ ಸಡಿಲಿಸಲು 0.5 ಮಿಲಿಮೋಲಾರ್ ಇಡಿಟಿಎ, ನಾಲ್ಕು ನಿಮಿಷ. ಅಂಚಿನ ಕೋಶಗಳ ನಡುವೆ ಬಿರುಕು ಕಂಡ ತಕ್ಷಣ ಅದನ್ನು ಹೀರಿ ತೆಗೆದು, ಮಾಧ್ಯಮ ಹಾಕಿ, ಎರಡು ಮೂರು ಸಲ ಮಾತ್ರ ಮೇಲೆ ಕೆಳಗೆ ಆಡಿಸಬೇಕು. ಗುರಿ ನೂರು ಮೈಕ್ರಾನ್ ಆಸುಪಾಸಿನ ತುಂಡುಗಳು. ಮತ್ತೆ ಮತ್ತೆ ಆಡಿಸಿದರೆ ಬಿಡಿ ಬಿಡಿ ಕೋಶಗಳಾಗುತ್ತವೆ, ಮತ್ತು ಈ ಕೋಶಗಳಿಗೆ ಒಂಟಿತನ ಆಗದು. ನೆರೆಯ ಕೋಶದ ಹಿಡಿತ ತಪ್ಪಿದೊಡನೆ ಒಳಗಿನ ಆಕ್ಟಿನ್-ಮಯೋಸಿನ್ ಹುರಿ ಅತಿಯಾಗಿ ಬಿಗಿದು, ಗುಳ್ಳೆಗುಳ್ಳೆಯಾಗಿ ಸಾಯುತ್ತವೆ. ರಾಕ್ ಎಂಬ ಕಿಣ್ವವನ್ನು ತಡೆಯುವ ವೈ-27632 ಎಂಬ ಔಷಧವನ್ನು 10 ಮೈಕ್ರೋಮೋಲಾರ್ ಹಾಕಿದರೆ ಆ ಸಾವು ತಪ್ಪುತ್ತದೆ ಎಂದು 2007ರಲ್ಲಿ ಕೋಬೆಯ ಗುಂಪೊಂದು ಕಂಡುಕೊಂಡಿತು. 24 ಗಂಟೆ ಸಾಕು. ಅಭ್ಯಾಸಬಲದಿಂದ ದಿನವೂ ಹಾಕಿದರೆ ಕೋಶಗಳು ಬಾಲ ಬೆಳೆಸಿಕೊಂಡು ವಿಕಾರವಾಗುತ್ತವೆ.

ಹತ್ತು ಪ್ಯಾಸೇಜ್ ದಾಟಿದ ಮೇಲೆ ಬರುವ ಪರೀಕ್ಷೆಗಳಲ್ಲೇ ಹೆಚ್ಚಿನ ಸಂತತಿಗಳು ಬೀಳುವುದು. ಸ್ಟೆಮ್ ಸೆಲ್‌ನ ಗುರುತುಗಳಾದ ಆಕ್ಟ್4, ನ್ಯಾನೋಗ್, ಟ್ರಾ-1-60 ಇವೆಯೇ ಎಂದು ಬಣ್ಣ ಹಚ್ಚಿ ನೋಡುವುದು ಸುಲಭ, ಬಣ್ಣದ ಚಿತ್ರ ಪ್ರಬಂಧದ ಮೊದಲ ಪುಟಕ್ಕೂ ಆಗುತ್ತದೆ. ಆದರೆ ಎಸ್‌ಟಿಆರ್ ಎಂಬ ಡಿಎನ್‌ಎ ಬೆರಳಚ್ಚು ಅದಕ್ಕಿಂತ ಮುಖ್ಯ: ಡಬ್ಬಿಯಲ್ಲಿರುವ ಕೋಶ ನಿಜವಾಗಿಯೂ ಆ ರಕ್ತ ಕೊಟ್ಟವರದೇ? ಒಂದೇ ಹುಡ್‌ನಲ್ಲಿ ಎರಡು ರೋಗಿಗಳ ತಟ್ಟೆ ಏಕಕಾಲಕ್ಕೆ ತೆರೆದ ದಿನ ಈ ಪ್ರಶ್ನೆ ಹುಟ್ಟಿರುತ್ತದೆ, ಗೊತ್ತಾಗುವುದು ಆರು ತಿಂಗಳ ನಂತರ. ಮೂಲ ರಕ್ತದ ಒಂದಿಷ್ಟು ಡಿಎನ್‌ಎ ತೆಗೆದಿಡದ ಲ್ಯಾಬಿಗೆ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ.

ಮೈಕೋಪ್ಲಾಸ್ಮಾ ಇನ್ನೊಂದು ಕಳ್ಳ. ಕೋಶಭಿತ್ತಿ ಇಲ್ಲದ ಈ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರಾನ್ ಸೋಸುಕದಲ್ಲೂ ನುಸುಳುತ್ತದೆ, ಮಾಧ್ಯಮ ಕದಡುವುದಿಲ್ಲ. ಅದು ಬರುವ ಒಂದು ದಾರಿ ನಮ್ಮ ಬಾಯಿಯೇ, ಹುಡ್ ಮುಂದೆ ಕೂತು ಹರಟುವುದರಿಂದ. ಎರಡು ವಾರಕ್ಕೊಮ್ಮೆ ಪಿಸಿಆರ್ ಮಾಡಿ, ಸಿಕ್ಕಿದರೆ ಔಷಧ ಹುಡುಕುತ್ತ ಕೂರದೆ ತಟ್ಟೆಯನ್ನು ಬ್ಲೀಚಿಗೆ ಹಾಕಿ, ಹೆಪ್ಪುಗಟ್ಟಿಸಿಟ್ಟ ಹಳೆಯ ವಯಲ್ (ಪುಟ್ಟ ಶೀಶೆ) ತೆಗೆಯಿರಿ. ಎರಡನೇ ಅವಕಾಶ ಎಂದದ್ದು ಇದಕ್ಕೇ.

ವರ್ಣತಂತು ಪರೀಕ್ಷೆಯಲ್ಲಿ 20 ಕೋಶಗಳನ್ನು ಎಣಿಸಿ 'ಸಹಜ' ಎಂದು ವರದಿ ಬರುತ್ತದೆ. ಅದರ ಅರ್ಥ ತಿಳಿದಿರಲಿ. ಡಬ್ಬಿಯಲ್ಲಿ ನೂರಕ್ಕೆ 14 ಕೋಶ ಕೆಟ್ಟಿದ್ದರೂ 20ರಲ್ಲಿ ಒಂದೂ ಕಣ್ಣಿಗೆ ಬೀಳದೇ ಇರುವ ಸಾಧ್ಯತೆ ಶೇ 5ರಷ್ಟು ಇದೆ; ಅದಕ್ಕಿಂತ ಕಡಿಮೆ ಕಲಬೆರಕೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಅದೂ ಅಲ್ಲದೆ 20ನೇ ವರ್ಣತಂತುವಿನ 20ಕ್ಯೂ11.21 ಎಂಬ ಪುಟ್ಟ ಭಾಗದ ನಕಲು ಈ ಪರೀಕ್ಷೆಯ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದೇ ಇಲ್ಲ. ಆ ಭಾಗದಲ್ಲಿರುವ ಬಿಸಿಎಲ್2ಎಲ್1 ಜೀನ್ ಕೋಶವನ್ನು ಸಾವಿನಿಂದ ಕಾಯುತ್ತದೆ. ಹಾಗಾಗಿ ಪ್ರತಿ ಸಲ ಒಡೆದು ಹಂಚುವಾಗಲೂ ಅಂಥ ಕೋಶ ಗೆಲ್ಲುತ್ತ ಹೋಗುತ್ತದೆ. 38 ಪ್ರಯೋಗಾಲಯಗಳ 125 ಭ್ರೂಣಮೂಲ ಸಂತತಿಗಳನ್ನು ಪರೀಕ್ಷಿಸಿದ 2011ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚಿನವುಗಳಲ್ಲಿ ಈ ನಕಲು ಸಿಕ್ಕಿತ್ತು. ಇದಕ್ಕೆ ಡಿಎನ್‌ಎ ಪ್ರತಿಗಳನ್ನು ಅಳೆಯುವ ಕ್ಯೂಪಿಸಿಆರ್ ಪರೀಕ್ಷೆ ಪ್ರತ್ಯೇಕ ಬೇಕು. ನಮ್ಮಲ್ಲಿ ಒಂದು ಮಾತಿದೆ: ಎಂಟು ವಾರ ಗೋಳಾಡಿಸಿದ ಸಂತತಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಸೊಗಸಾಗಿ ಬೆಳೆಯತೊಡಗಿದರೆ ಸಿಹಿ ಹಂಚಬೇಡಿ, ಪರೀಕ್ಷೆಗೆ ಕಳಿಸಿ.

ಇದು ತಾಂತ್ರಿಕ ವಿವರ ಎಂದು ಯಾರೂ ತಿಳಿಯಬಾರದು. 2014ರ ಸೆಪ್ಟೆಂಬರಿನಲ್ಲಿ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ ರೋಗಿಯ ಚರ್ಮದಿಂದ ಮಾಡಿದ ಐಪಿಎಸ್ ಕೋಶಗಳಿಂದ ರೆಟಿನಾದ ಪದರ ಬೆಳೆಸಿ ಅವರದೇ ಕಣ್ಣಿಗೆ ಹಾಕಿತು, ಜಗತ್ತಿನಲ್ಲೇ ಮೊದಲು. ಎರಡನೇ ರೋಗಿಯ ಕೋಶಗಳಲ್ಲಿ ಮೂಲದಲ್ಲಿಲ್ಲದ ಜೀನ್ ಬದಲಾವಣೆಗಳು ಕಂಡವು. ಕಸಿ ನಿಲ್ಲಿಸಿದರು. ಕಣ್ಣು ಮಂಜಾಗುತ್ತಿರುವ ಮನುಷ್ಯ ಎದುರಿಗೆ ಕಾಯುತ್ತಿರುವಾಗ ವರದಿಯ ಒಂದು ಸಾಲು ನೋಡಿ ನಿಲ್ಲಿಸುವುದು ಸಣ್ಣ ಮಾತಲ್ಲ. ವಯಸ್ಸಾದಂತೆ ರೆಟಿನಾ ಸವೆಯುವ ಅದೇ ಕಾಯಿಲೆಗೆ ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಮಹಿಳೆಯರ ಎರಡೂ ಕಣ್ಣಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಒಂದೇ ದಿನ ಚುಚ್ಚಿದ ಪ್ರಕರಣ 2017ರಲ್ಲಿ ವೈದ್ಯಕೀಯ ಪತ್ರಿಕೆಗೆ ಬಂತು. ಮೂವರೂ ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡರು.

ನಮ್ಮಲ್ಲೂ ಮಗುವಿನ ಆಟಿಸಂ, ಬೆನ್ನುಹುರಿ ಪೆಟ್ಟು, ಸಕ್ಕರೆ ಕಾಯಿಲೆ ಎಲ್ಲಕ್ಕೂ 'ಸ್ಟೆಮ್ ಸೆಲ್ ಚಿಕಿತ್ಸೆ'ಯ ಜಾಹೀರಾತು ಕಾಣುತ್ತದೆ. ವಿಚಾರಿಸುವವರಿಗೆ ನಾವು ಹೇಳುವುದು ಇಷ್ಟು: ರಕ್ತದ ಕೆಲವು ಕಾಯಿಲೆಗಳಿಗೆ ಅಸ್ಥಿಮಜ್ಜೆ ಅಥವಾ ರಕ್ತದ ಸ್ಟೆಮ್ ಸೆಲ್ ಕಸಿ ನಿಜವಾದ ಚಿಕಿತ್ಸೆ, ದಶಕಗಳಿಂದ ನಡೆದಿದೆ. ಉಳಿದದ್ದಕ್ಕೆ ಮಾರ್ಗಸೂಚಿಯ ಪ್ರಕಾರ ಅನುಮತಿ ಪಡೆದ ಪ್ರಯೋಗ ಮಾತ್ರ ಸರಿ. ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಪ್ರಯೋಗಕ್ಕೆ ಸೇರುವವರಿಂದ ಹಣ ತೆಗೆದುಕೊಳ್ಳುವಂತಿಲ್ಲ. ಲಕ್ಷಗಳಲ್ಲಿ ಬಿಲ್ ಬಂತು ಎಂದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ. ರಕ್ತದಿಂದ ಒಂದು ಶುದ್ಧ ಸಂತತಿ ಎಬ್ಬಿಸಲು ಆರು ತಿಂಗಳು ಹಿಡಿಯುವುದನ್ನು ಕಂಡವರಿಗೆ, ಬೆಳಗ್ಗೆ ತೆಗೆದು ಸಂಜೆ ಚುಚ್ಚುವ ಸಿರಿಂಜಿನಲ್ಲಿ ಏನಿದೆ ಎಂದು ಯಾರು ನೋಡಿದರು ಎಂಬ ಒಂದೇ ಪ್ರಶ್ನೆ ಸಾಕು.

ಭ್ರೂಣದ ವಿಷಯ ಪೂರ್ತಿ ಬಿಟ್ಟುಹೋಗಿಲ್ಲ. ಐಪಿಎಸ್ ಕೋಶ ಸರಿಯಾಗಿದೆಯೇ ಎಂದು ಒರೆಹಚ್ಚಲು ಭ್ರೂಣಮೂಲ ಸಂತತಿ ಪಕ್ಕದಲ್ಲಿ ಬೇಕು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ಅವರ ಲ್ಯಾಬ್ ಬಿಜೆಎನ್‌ಹೆಮ್19 ಮತ್ತು 20 ಎಂಬ ಎರಡು ಒಡಹುಟ್ಟು ಸಂತತಿಗಳನ್ನು ಎಬ್ಬಿಸಿ 2009ರಲ್ಲಿ ಪ್ರಕಟಿಸಿತು. ಬಳಸಿದ್ದು ಐವಿಎಫ್‌ನಲ್ಲಿ ಗರ್ಭಕ್ಕೆ ಹಾಕಲು ಯೋಗ್ಯವಲ್ಲವೆಂದು ಬದಿಗಿಟ್ಟ ಮೂರನೇ ದರ್ಜೆಯ ಭ್ರೂಣಗಳನ್ನು. ಅಂಥ ಭ್ರೂಣವನ್ನು ದಂಪತಿಯ ಒಪ್ಪಿಗೆಯಿಂದಷ್ಟೇ ಪಡೆಯಬೇಕು, ದುಡ್ಡು ಕೊಡುವಂತಿಲ್ಲ. 14 ದಿನ ಅಥವಾ ಬೆನ್ನಿನ ಮೊದಲ ಗೆರೆ ಮೂಡುವುದು, ಯಾವುದು ಮೊದಲೋ ಅದನ್ನು ದಾಟಿ ಭ್ರೂಣವನ್ನು ಬೆಳೆಸುವುದು ಭಾರತದ ಮಾರ್ಗಸೂಚಿಯಲ್ಲಿ ನಿಷಿದ್ಧ. ಅಂತರರಾಷ್ಟ್ರೀಯ ಸ್ಟೆಮ್ ಸೆಲ್ ಸಂಘ 2021ರಲ್ಲಿ ಇದನ್ನು ತನ್ನ ನಿಷೇಧದ ಪಟ್ಟಿಯಿಂದ ತೆಗೆದು, ಪ್ರಕರಣವಾರು ಪರಿಶೀಲಿಸಬಹುದು ಎಂದಿತು. 14ನೇ ದಿನದ ಆಸುಪಾಸಿನವರೆಗೂ ಭ್ರೂಣ ಒಡೆದು ಅವಳಿಯಾಗುವ ಸಾಧ್ಯತೆ ಇರುತ್ತದೆ, ನರಗಳ ಸುಳಿವು ಇರುವುದಿಲ್ಲ ಎಂಬ ಜೀವಶಾಸ್ತ್ರದ ಮೇಲೆ ಎಳೆದ ಗೆರೆ ಅದು. ಆದರೆ ಅಷ್ಟು ದಿನ ಬೆಳೆಸಲು ಯಾರಿಗೂ ಬರದ ಕಾಲದಲ್ಲಿ ಎಳೆದದ್ದು.

ಪರೀಕ್ಷೆ ಪಾಸಾದ ಸಂತತಿಯನ್ನು ತುಂಡುಗಳ ರೂಪದಲ್ಲೇ ಹೆಪ್ಪುಗಟ್ಟಿಸಿ, ಇಪ್ಪತ್ತು ವಯಲ್‌ಗಳನ್ನು ಎರಡು ಬೇರೆ ಕಟ್ಟಡಗಳ ಸಾರಜನಕ ತೊಟ್ಟಿಗಳಲ್ಲಿ ಇಡುತ್ತೇವೆ. ಕರೆಂಟಿಗಿಂತ ದೊಡ್ಡ ಚಿಂತೆ ಸಾರಜನಕದ ಮಟ್ಟ. ವಾರಕ್ಕೆರಡು ಸಲ ಅಳತೆಕೋಲು ಇಳಿಸಿ ನೋಡಿ ಬರೆಯಬೇಕು. 1 ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೊಠಡಿಯಲ್ಲಿ ಆಮ್ಲಜನಕ ಇಳಿದದ್ದು ಮೂಗಿಗೆ ಗೊತ್ತಾಗುವುದಿಲ್ಲ. ಆಮ್ಲಜನಕ ಮಾಪಕ ಕೂಗಿದರೆ ಅದು ಕೆಟ್ಟಿದೆ ಎಂದುಕೊಳ್ಳದೆ ಹೊರಗೆ ಬನ್ನಿ.

ಪ್ರತಿ ವಯಲ್‌ಗೆ ರಿಜಿಸ್ಟರಿನಲ್ಲಿ ಒಂದು ಸಾಲು. ಸಂಕೇತ ಸಂಖ್ಯೆ, ಪ್ಯಾಸೇಜ್, ದಿನಾಂಕ, ತೊಟ್ಟಿ, ಚೌಕಟ್ಟು, ಪೆಟ್ಟಿಗೆ, ಯಾವ ಚೌಕಗಳಿಗೆ ಒಪ್ಪಿಗೆ ಇದೆ, ಯಾರಿಗೆ ಕಳಿಸಿದೆ. ಒಪ್ಪಿಗೆಯ ಕಲಂ ಖಾಲಿ ಬಿಟ್ಟು ಕಾಗದ ಫೈಲಿನಲ್ಲಿದೆ ಎನ್ನುವ ಲ್ಯಾಬುಗಳಿವೆ. ಐದು ವರ್ಷದಲ್ಲಿ ಮೂರು ವಿದ್ಯಾರ್ಥಿಗಳು ಬದಲಾದ ಮೇಲೆ ಆ ಫೈಲನ್ನು ಯಾರೂ ತೆರೆಯುವುದಿಲ್ಲ.

ಕೊಟ್ಟವರು ಒಪ್ಪಿಗೆ ಹಿಂತೆಗೆದರೆ, ಕಾರಣ ಕೇಳುವಂತಿಲ್ಲ. ಆಸ್ಪತ್ರೆಯ ಬೀರುವಿನಿಂದ ಬರುವುದು ಸಂಖ್ಯೆ ಮಾತ್ರ. ಎರಡೂ ತೊಟ್ಟಿಗಳಿಂದ ವಯಲ್‌ಗಳನ್ನು ಎತ್ತಿ, ಎಣಿಸಿ, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ, ಇಬ್ಬರು ಸಹಿ ಹಾಕುತ್ತಾರೆ. ಬೆಳೆಯುತ್ತಿರುವ ತಟ್ಟೆಗಳು, ಅವುಗಳಿಂದ ಮಾಡಿದ ನರಕೋಶಗಳು, ತೆಗೆದಿಟ್ಟ ಡಿಎನ್‌ಎ, ಮೊದಲ ದಿನ ಹೆಪ್ಪುಗಟ್ಟಿಸಿದ ಬಿಳಿ ಕೋಶಗಳು, ಎಲ್ಲವೂ ಹೋಗಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ಪ್ರಕಟವಾದ ಪ್ರಬಂಧದ ಅಂಕಿಗಳು ಹಿಂದೆ ಬರುವುದಿಲ್ಲ ಎಂದು ಪತ್ರದಲ್ಲೇ ಬರೆದಿರುತ್ತೇವೆ. ಬೇರೆ ಊರಿನ ಲ್ಯಾಬಿಗೆ ಹೋದ ಎರಡು ವಯಲ್‌ಗಳ ಬಗ್ಗೆ ಅವರಿಗೆ ಕಾಗದ ಹೋಗುತ್ತದೆ. ಅವರು ಅದರಿಂದ ಮಾಡಿದ ಇನ್ನೂ ಹತ್ತು ವಯಲ್‌ಗಳ ಲೆಕ್ಕವೂ ಬೇಕು. ಉತ್ತರ ಬರುವವರೆಗೆ ರಿಜಿಸ್ಟರಿನ ಆ ಎರಡು ಸಾಲುಗಳ ಕೊನೆಯ ಕಲಂ ಪೆನ್ಸಿಲಿನಲ್ಲಿ ಇರುತ್ತದೆ.